ಹಲ್ಲು ಹೇಳುವ ಕ್ರಮ, ಬೂದಿ ಹೇಳುವ ವರ್ಷ



ವಸ್ತುಸಂಗ್ರಹಾಲಯದಲ್ಲೋ ದೂರದರ್ಶನದ ವಿಜ್ಞಾನ ಕಾರ್ಯಕ್ರಮದಲ್ಲೋ ಯಾವುದಾದರೂ ಪುರಾತನ ಪ್ರಾಣಿಯ ಎಲುಬಿನ ಹಂದರವನ್ನು ನೀವು ನೋಡಿರುತ್ತೀರಿ. ಪಕ್ಕದಲ್ಲೇ “ಮೂರು ಕೋಟಿ ವರ್ಷಗಳ ಹಿಂದಿನದು” ಎಂಬ ಸಾಲು ಇರುತ್ತದೆ. ಪರದೆಯ ಮೇಲಾದರೆ ಆ ಸಾಲು ಕ್ಷಣಕಾಲ ನಿಂತು ಮಾಯವಾಗುತ್ತದೆ. ಆದರೆ ಪ್ರಶ್ನೆ ಹಾಗೆ ಮಾಯವಾಗುವುದಿಲ್ಲ. ಮೂರು ಕೋಟಿ ಎಂದು ಹೇಳಿದವರು ಯಾರು? ಅದನ್ನು ಲೆಕ್ಕ ಹಾಕಿದ್ದು ಹೇಗೆ? ಐದು ಕೋಟಿ ಏಕಾಗಿರಬಾರದು? ಓದುವ ಪುಟದಲ್ಲಿ ನಿಂತು ಯೋಚಿಸಲು ಅವಕಾಶವಿದೆ. ಆದ್ದರಿಂದ ಈ ಪ್ರಶ್ನೆಯನ್ನೇ ಹಿಡಿದು ಸ್ವಲ್ಪ ದೂರ ಹೋಗೋಣ.

ನಾವು ಹೋಗಬೇಕಾದದ್ದು ದಕ್ಷಿಣ ಅಮೆರಿಕಕ್ಕೆ. ಏಕೆಂದರೆ ಶಿಲಾಪದರಗಳ ವಯಸ್ಸನ್ನು ತಪ್ಪಾಗಿ ಎಣಿಸಿದರೆ ಏನೇನು ಆಗಬಹುದು ಎಂಬುದಕ್ಕೆ ಅಲ್ಲಿ ಒಂದು ದೊಡ್ಡ ನಿದರ್ಶನವಿದೆ. ಆನೆಯ ಪೂರ್ವಜ, ಕುದುರೆಯ ಪೂರ್ವಜ, ಕಡೆಗೆ ಮನುಷ್ಯನ ಪೂರ್ವಜ ಕೂಡ ಆರ್ಜೆಂಟೀನದ ನೆಲದಲ್ಲೇ ಹುಟ್ಟಿದರು ಎಂಬ ಸಿದ್ಧಾಂತವೊಂದು ಅಲ್ಲಿ ಎದ್ದು ನಿಂತಿತ್ತು. ಅದನ್ನು ಹೇಳಿದವರು ಸಾಮಾನ್ಯರಲ್ಲ, ಆ ದೇಶ ಕಂಡ ಮಹಾವಿದ್ವಾಂಸರಲ್ಲಿ ಒಬ್ಬರು. ಅವರು ಎಲುಬುಗಳನ್ನು ಚೆನ್ನಾಗಿಯೇ ಬಲ್ಲವರಾಗಿದ್ದರು. ಅವರು ಎಡವಿದ್ದು ವರ್ಷಗಳ ಲೆಕ್ಕದಲ್ಲಿ.

ಸುಣ್ಣದ ಪದರಗಳು

ಮೊದಲು ಒಂದು ಸರಳ ಸಂಗತಿ. ಹಳೆಯ ಮನೆಯ ಗೋಡೆಯೊಂದರ ಸುಣ್ಣ ಕಿತ್ತು ಬಂದಿರುವುದನ್ನು ನೀವು ನೋಡಿರಬಹುದು. ಮೇಲೆ ಬಿಳಿ, ಅದರ ಕೆಳಗೆ ನೀಲಿ, ಅದರ ಕೆಳಗೆ ಹಳದಿ. ಹಳದಿ ಮೊದಲು ಬಳಿದದ್ದು, ಬಿಳಿ ಕೊನೆಯಲ್ಲಿ ಬಳಿದದ್ದು ಎಂದು ಯಾರೂ ಹೇಳಿಕೊಡದೆಯೇ ನಿಮಗೆ ತಿಳಿಯುತ್ತದೆ. ಭೂಮಿಯ ಶಿಲಾಪದರಗಳೂ ಹಾಗೆಯೇ. ಮಡಿಚಿ ತಲೆಕೆಳಗಾಗದೆ ಇದ್ದಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು.

ಆದರೆ ಹಳದಿ ಬಣ್ಣವನ್ನು ಯಾವ ವರ್ಷ ಬಳಿದರು? ಗೋಡೆ ಅದನ್ನು ಹೇಳುವುದಿಲ್ಲ. ಗೋಡೆ ಹೇಳುವುದು ಕ್ರಮವನ್ನು ಮಾತ್ರ. ಇದಕ್ಕೆ ಸಾಪೇಕ್ಷ ಕಾಲಗಣನೆ ಎಂದು ಹೆಸರು. ಇಷ್ಟು ವರ್ಷಗಳ ಹಿಂದೆ ಎಂದು ಅಂಕಿಯಲ್ಲಿ ಹೇಳುವುದು ಬೇರೆ. ಅದು ನಿರಪೇಕ್ಷ ಕಾಲಗಣನೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಮ್ಮ ಕಥೆಯೆಲ್ಲ ನಿಂತಿರುವುದು ಅದರ ಮೇಲೆಯೇ.

ಈಗ ಎದುರು ಬೀದಿಯ ಮನೆಯಲ್ಲೂ ಅದೇ ಹಳದಿ, ನೀಲಿ, ಬಿಳಿ ಪದರಗಳು ಕಂಡವೆನ್ನಿ. ಆ ಮನೆಯವರು ಬಳಿದ ವರ್ಷವನ್ನು ಬರೆದಿಟ್ಟಿದ್ದರೆ ಅದರಿಂದ ಈ ಮನೆಯ ಲೆಕ್ಕವನ್ನೂ ಊಹಿಸಬಹುದು. ದೂರದ ಎರಡು ಊರುಗಳ ಶಿಲಾಪದರಗಳನ್ನು ಭೂವಿಜ್ಞಾನಿಗಳು ಹೋಲಿಸುವುದು ಹೀಗೆಯೇ. ಅಲ್ಲಿ ಬಣ್ಣದ ಕೆಲಸ ಮಾಡುವುದು ಪಳೆಯುಳಿಕೆಗಳು. ನೆಲದ ಮೇಲಿನ ಪದರಗಳಿಗಂತೂ ಸ್ತನಿಗಳ ಪಳೆಯುಳಿಕೆ ಬಹಳ ಉಪಯುಕ್ತ. ಸ್ತನಿಗಳ ಜಾತಿಗಳು ಬೇಗ ಬೇಗ ಬದಲಾಗುತ್ತವೆ. ಅವುಗಳ ಹಲ್ಲಿನ ಎನಾಮಲ್ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತುವಾದ್ದರಿಂದ ಎಲುಬು ಪುಡಿಯಾದರೂ ಹಲ್ಲು ಉಳಿಯುತ್ತದೆ. ಹಲ್ಲಿನ ಉಬ್ಬುತಗ್ಗುಗಳು ಜಾತಿಯಿಂದ ಜಾತಿಗೆ ಬೇರೆ. ಜಾನುವಾರು ಜಾತ್ರೆಯಲ್ಲಿ ರೈತರು ಬಾಯಿ ಬಿಡಿಸಿ ಹಲ್ಲು ನೋಡಿ ಇದು ಎರಡು ಹಲ್ಲಿನ ಹೋರಿ, ಇದು ಬಾಯಿಗೂಡಿದ ಎತ್ತು ಎಂದು ಹೇಳುವುದಿಲ್ಲವೇ? ಪಳೆಯುಳಿಕೆ ತಜ್ಞರೂ ಒಂದೇ ಒಂದು ಹಲ್ಲಿನಿಂದ ಪ್ರಾಣಿಯ ಕುಲವನ್ನೂ ಪದರದ ಸ್ಥಾನವನ್ನೂ ಗುರುತಿಸಬಲ್ಲರು.

ದ್ವೀಪವಾಗಿದ್ದ ಖಂಡ

ದಕ್ಷಿಣ ಅಮೆರಿಕದ ತೊಡಕು ಇಲ್ಲಿಂದಲೇ ಆರಂಭವಾಗುತ್ತದೆ. ಸುಮಾರು 10 ಕೋಟಿ ವರ್ಷಗಳ ಹಿಂದೆ ಆ ಖಂಡ ಆಫ್ರಿಕದಿಂದ ಬೇರ್ಪಟ್ಟಿತು. ಮುಂದೆ ಅಂಟಾರ್ಕ್ಟಿಕದ ಸಂಬಂಧವೂ ಕಡಿದುಹೋಯಿತು. ಪನಾಮದ ಭೂಸಂಧಿ ಉತ್ತರ ಅಮೆರಿಕದೊಂದಿಗೆ ಅದನ್ನು ಜೋಡಿಸಿದ್ದು ಸುಮಾರು 30 ಲಕ್ಷ ವರ್ಷಗಳ ಹಿಂದೆ ಮಾತ್ರ ಎಂಬುದು ಹೆಚ್ಚಿನವರು ಒಪ್ಪುವ ಲೆಕ್ಕ. ಅಷ್ಟು ದೀರ್ಘ ಕಾಲ ಅದು ಸಮುದ್ರದ ನಡುವಿನ ಒಂದು ದೊಡ್ಡ ದ್ವೀಪದಂತೆ ಇತ್ತು. ಅಲ್ಲಿನ ಸ್ತನಿಗಳು ತಮ್ಮದೇ ದಾರಿಯಲ್ಲಿ ವಿಕಾಸ ಹೊಂದಿದವು.

ಅವು ಎಷ್ಟು ವಿಚಿತ್ರವಾಗಿದ್ದವು ಎಂಬುದನ್ನು ಕಣ್ಣಾರೆ ಕಂಡವರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬರು. ‘ಬೀಗಲ್’ ಹಡಗಿನಲ್ಲಿ ಹೊರಟಿದ್ದ ಅವರು 1832ರಲ್ಲಿ ಆರ್ಜೆಂಟೀನದ ಪುಂಟಾ ಆಲ್ಟದ ಕರಾವಳಿಯಲ್ಲಿ ದೈತ್ಯ ಸ್ತನಿಗಳ ಎಲುಬುಗಳನ್ನು ಅಗೆದು ತೆಗೆದರು. ಇಂದು ಮರದ ಕೊಂಬೆಗೆ ತಲೆಕೆಳಗಾಗಿ ನೇತಾಡುವ ಸ್ಲಾತ್‌ನ ಬಂಧುವಾದರೂ ಆನೆಯಷ್ಟು ದೊಡ್ಡದಾಗಿದ್ದ ಮೆಗಾತೀರಿಯಮ್ ಅವುಗಳಲ್ಲಿ ಒಂದು. ಮರುವರ್ಷ ಉರುಗ್ವೆಯಲ್ಲಿ ಟಾಕ್ಸೊಡಾನ್ ಎಂಬ ಪ್ರಾಣಿಯ ತಲೆಬುರುಡೆಯನ್ನು ಅವರು ಹದಿನೆಂಟು ಪೆನ್ಸ್ ಕೊಟ್ಟು ಕೊಂಡರು. ಅದಕ್ಕೆ ಮೊದಲು ಅಲ್ಲಿನ ಹುಡುಗರು ಆ ಬುರುಡೆಯನ್ನು ಗುರಿಯಾಗಿಟ್ಟು ಕಲ್ಲು ಹೊಡೆದು ಹಲ್ಲುಗಳನ್ನು ಉದುರಿಸಿದ್ದರು! 1834ರಲ್ಲಿ ಸಿಕ್ಕಿದ ಮ್ಯಾಕ್ರಕೀನಿಯಕ್ಕೆ ಒಂಟೆಯಂಥ ಉದ್ದನೆಯ ಕತ್ತು ಇತ್ತು, ಮೂಗಿನ ಹೊಳ್ಳೆಯ ರಂಧ್ರ ಮಾತ್ರ ತಲೆಬುರುಡೆಯ ಮೇಲ್ಭಾಗದಲ್ಲಿತ್ತು. ಈ ಎರಡು ಪ್ರಾಣಿಗಳು ಯಾರ ಬಂಧುಗಳು ಎಂಬ ಪ್ರಶ್ನೆ ಸುಮಾರು 180 ವರ್ಷ ಬಗೆಹರಿಯದೆ ಉಳಿಯಿತು. 2015ರಲ್ಲಿ ಎಲುಬಿನಲ್ಲಿ ಉಳಿದಿದ್ದ ಕೊಲಾಜೆನ್ ಎಂಬ ಪ್ರೋಟೀನನ್ನು ಪರೀಕ್ಷಿಸಿದಾಗ, ಕುದುರೆ ಮತ್ತು ಖಡ್ಗಮೃಗಗಳ ಗುಂಪಿಗೆ ಇವು ಹತ್ತಿರದವು ಎಂದು ತಿಳಿದುಬಂತು.

ತೊಡಕು ಈಗ ನಿಮಗೆ ಹೊಳೆದಿರಬೇಕು. ಯೂರೋಪಿನ ಪದರಗಳಿಗೆ ವಿಜ್ಞಾನಿಗಳು ಇಯೊಸೀನ್, ಮಯೊಸೀನ್ ಎಂದು ಯುಗಗಳ ಹೆಸರಿಟ್ಟಿದ್ದರು. ಉತ್ತರ ಅಮೆರಿಕದ ಸ್ತನಿಗಳನ್ನು ಯೂರೋಪಿನವುಗಳೊಂದಿಗೆ ಹೋಲಿಸಿ ಹೊಂದಿಸಬಹುದಾಗಿತ್ತು. ಆದರೆ ಬೇರೆಲ್ಲೂ ಇಲ್ಲದ ಪ್ರಾಣಿಗಳನ್ನು ಯಾವುದರೊಂದಿಗೆ ಹೋಲಿಸುವುದು? ಊರಿನ ಮನೆಗಳಿಗೆಲ್ಲ ಒಂದೇ ಅಂಗಡಿಯ ಬಣ್ಣ, ಈ ಒಂದು ಮನೆಯವರು ಮಾತ್ರ ಬಾಗಿಲು ಹಾಕಿಕೊಂಡು ತಮ್ಮದೇ ಬಣ್ಣ ಕಲಸಿಕೊಂಡಿದ್ದಾರೆ ಎಂದರೆ ಹೇಗೋ ಹಾಗೆ. ಕ್ರಮ ಗೊತ್ತು, ವರ್ಷ ಗೊತ್ತಿಲ್ಲ.

ಅಣ್ಣತಮ್ಮಂದಿರ ದುಡಿಮೆ, ಒಂದು ದೊಡ್ಡ ತಪ್ಪು

ಈ ಮನೆಯ ಬಾಗಿಲನ್ನು ತೆರೆದವರು ಫ್ಲೊರೆಂಟೀನೊ ಅಮೆಗೀನೊ ಮತ್ತು ಅವರ ತಮ್ಮ ಕಾರ್ಲೊಸ್. ಅಣ್ಣ ಲಾ ಪ್ಲಾಟ ನಗರದಲ್ಲಿ ಪುಸ್ತಕ ಮತ್ತು ಕಾಗದದ ಅಂಗಡಿ ನಡೆಸುತ್ತಿದ್ದರು. ಅದರ ಸಂಪಾದನೆಯಲ್ಲೇ ಸಂಶೋಧನೆ ಸಾಗಬೇಕಾಗಿತ್ತು. ತಮ್ಮ 1887ರಿಂದ 1903ರವರೆಗೆ ಮತ್ತೆ ಮತ್ತೆ ಪ್ಯಾಟಗೋನಿಯಕ್ಕೆ ಹೋದರು. ಅದು ಆರ್ಜೆಂಟೀನದ ದಕ್ಷಿಣದ ಬಯಲುಸೀಮೆ. ಮಳೆ ಕಡಿಮೆ, ಮರ ಕಡಿಮೆ, ಬಿರುಗಾಳಿ ಮಾತ್ರ ಧಾರಾಳ. ತಮ್ಮ ಅಗೆದು ಕಳುಹಿಸಿದ್ದನ್ನು ಅಣ್ಣ ಅಧ್ಯಯನ ಮಾಡಿ ಹೆಸರಿಡುತ್ತಿದ್ದರು. ಈ ಜೋಡಿ ನೂರಾರು ಹೊಸ ಸ್ತನಿಗಳನ್ನು ಬೆಳಕಿಗೆ ತಂದಿತು.

ಕಾರ್ಲೊಸ್ ಪದರಗಳ ಮೇಲು ಕೆಳಗನ್ನು ಬಹಳ ಎಚ್ಚರದಿಂದ ಗುರುತಿಸಿದ್ದರು. ಯಾವ ಪ್ರಾಣಿಸಮೂಹ ಮೊದಲು, ಯಾವುದು ನಂತರ ಎಂದು ಅವರು ಕೊಟ್ಟ ಕ್ರಮ ಮುಖ್ಯ ವಿಷಯಗಳಲ್ಲಿ ಇಂದಿಗೂ ನಿಂತಿದೆ. ತಪ್ಪಾದದ್ದು ಆ ಕ್ರಮಕ್ಕೆ ಕೊಟ್ಟ ವಯಸ್ಸು. ಕೆಳಗಿನ ಪದರಗಳ ಸ್ತನಿಗಳು ಡೈನೊಸಾರ್‌ಗಳ ಜೊತೆಯಲ್ಲೇ ಬಾಳಿದ್ದವು ಎಂದು ಫ್ಲೊರೆಂಟೀನೊ ನಂಬಿದರು. ಹಾಗಾದರೆ ಆ ಪದರಗಳು ಕ್ರಿಟೇಶಿಯಸ್ ಯುಗದವು, ಅಂದರೆ 6.6 ಕೋಟಿ ವರ್ಷಗಳಿಗಿಂತ ಹಳೆಯವು ಎಂದಾಯಿತು.

ಇಲ್ಲಿಂದ ಮುಂದಿನ ತರ್ಕ ನೋಡಿ, ಎಷ್ಟು ಸಲೀಸಾಗಿ ಹರಿಯುತ್ತದೆ. ಆ ಪದರಗಳಲ್ಲಿ ಕೋರೆಹಲ್ಲಿನ, ಆನೆಯನ್ನು ಹೋಲುವ ಪೈರೊತೀರಿಯಮ್ ಇದೆ. ಅದು ಬೇರೆ ಖಂಡಗಳ ಆನೆಗಳಿಗಿಂತ ಹಳೆಯದು. ಆದ್ದರಿಂದ ಅದೇ ಆನೆಗಳ ಪೂರ್ವಜ! ಅದಕ್ಕಿಂತ ಮೇಲಿನ ಸಾಂತಾ ಕ್ರೂಸ್ ಪದರಗಳಲ್ಲಿ ಒಂದು ಚಿಕ್ಕ ಕೋತಿಯ ಪಳೆಯುಳಿಕೆ ಸಿಕ್ಕಿದೆ. ಅದೂ ಬಹಳ ಹಳೆಯದು. ಆದ್ದರಿಂದ ಮನುಷ್ಯನ ವಂಶ ಆರಂಭವಾದದ್ದು ಇಲ್ಲಿಯೇ! ಆ ಕೋತಿಗೆ 1891ರಲ್ಲಿ ಅವರು ಇಟ್ಟ ಹೆಸರು ಹೊಮಂಕ್ಯುಲಸ್, ಅಂದರೆ ‘ಪುಟ್ಟ ಮನುಷ್ಯ’.

ಮೊದಲ ಹೆಜ್ಜೆ ಸರಿಯಾಗಿದ್ದಿದ್ದರೆ ಉಳಿದದ್ದಕ್ಕೂ ಒಂದು ಆಧಾರ ಇರುತ್ತಿತ್ತು. ಆದರೆ ಮೊದಲ ಹೆಜ್ಜೆಯೇ ತಪ್ಪಾಗಿತ್ತು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಪರವಾಗಿ 1896ರಿಂದ 1899ರವರೆಗೆ ಪ್ಯಾಟಗೋನಿಯದಲ್ಲಿ ಅಲೆದ ಜಾನ್ ಬೆಲ್ ಹ್ಯಾಚರ್, ಈ ಪದರಗಳು ಅಷ್ಟು ಹಳೆಯವಲ್ಲ ಎಂದು ವಾದಿಸಿದರು. ವಾಗ್ವಾದ ಬಿಸಿಯಾಗಿಯೇ ನಡೆಯಿತು. 1911ರಲ್ಲಿ ತೀರಿಕೊಳ್ಳುವವರೆಗೂ ಅಮೆಗೀನೊ ತಮ್ಮ ಅಭಿಪ್ರಾಯ ಬಿಡಲಿಲ್ಲ. ಎರಡೂ ಕಡೆಯವರ ಕೈಯಲ್ಲಿ ಇದ್ದದ್ದು ಹಲ್ಲು, ಎಲುಬು, ಚಿಪ್ಪು ಮತ್ತು ಪದರಗಳ ಕ್ರಮ. ವರ್ಷವನ್ನು ಹೇಳುವ ಸಾಕ್ಷಿ ಮಾತ್ರ ಇಬ್ಬರ ಬಳಿಯೂ ಇರಲಿಲ್ಲ.

ಆ ಸಾಕ್ಷಿ ಅವರ ಕಾಲ ಕೆಳಗೇ ಇತ್ತು ಎಂಬುದು ಸ್ವಾರಸ್ಯದ ಸಂಗತಿ. ಪೈರೊತೀರಿಯಮ್ ಎಂಬ ಹೆಸರಿಗೆ ‘ಬೆಂಕಿಯ ಮೃಗ’ ಎಂದು ಅರ್ಥ. ಜ್ವಾಲಾಮುಖಿಯ ಬೂದಿಯಲ್ಲಿ ಸಿಕ್ಕಿದ್ದರಿಂದ ಅಮೆಗೀನೊ ಅದಕ್ಕೆ ಆ ಹೆಸರಿಟ್ಟಿದ್ದರು.

ಬೂದಿಯೊಳಗಿನ ಗಡಿಯಾರ

ಬೂದಿ ವರ್ಷವನ್ನು ಹೇಗೆ ಹೇಳುತ್ತದೆ? ಅದಕ್ಕೆ ಮೊದಲು ಚೌಕಾಬಾರ ನೆನಪಿಸಿಕೊಳ್ಳಿ. ಒಂದು ಬದಿ ತೇಯ್ದು ಬಿಳಿ ಮಾಡಿದ ಹುಣಸೆ ಬೀಜಗಳನ್ನು ಆ ಆಟದಲ್ಲಿ ಉಪಯೋಗಿಸುತ್ತೇವೆ. ಅಂಥ ನೂರು ಬೀಜಗಳನ್ನು ಡಬ್ಬಿಯಲ್ಲಿ ಕುಲುಕಿ ನೆಲಕ್ಕೆ ಚೆಲ್ಲಿ. ಬಿಳಿ ಬದಿ ಮೇಲಾಗಿ ಬಿದ್ದವನ್ನೆಲ್ಲ ಪಕ್ಕಕ್ಕೆ ತೆಗೆಯಿರಿ. ಸುಮಾರು ಐವತ್ತು ಉಳಿಯುತ್ತವೆ. ಅವನ್ನು ಮತ್ತೆ ಚೆಲ್ಲಿ, ಸುಮಾರು ಇಪ್ಪತ್ತೈದು ಉಳಿಯುತ್ತವೆ. ಯಾವ ಬೀಜ ಯಾವಾಗ ಬಿಳಿಯಾಗಿ ಬೀಳುತ್ತದೆ ಎಂದು ಯಾರೂ ಹೇಳಲಾರರು. ಆದರೂ ಪ್ರತಿ ಸಲ ಸುಮಾರು ಅರ್ಧ ಕಡಿಮೆಯಾಗುತ್ತದೆ ಎಂದು ಹೇಳಬಹುದು. ಉಳಿದವು ಎಷ್ಟು, ತೆಗೆದವು ಎಷ್ಟು ಎಂದು ಎಣಿಸಿದರೆ ಎಷ್ಟು ಸಲ ಚೆಲ್ಲಿದಿರಿ ಎಂಬುದು ಹೊರಗಿನವರಿಗೂ ಗೊತ್ತಾಗುತ್ತದೆ.

ವಿಕಿರಣಶೀಲ ಪರಮಾಣುಗಳು ಈ ಬೀಜಗಳಂತೆ. ಪೊಟ್ಯಾಸಿಯಂ ಧಾತುವಿನ ಹತ್ತು ಸಾವಿರ ಪರಮಾಣುಗಳಲ್ಲಿ ಸುಮಾರು ಒಂದು, ಪೊಟ್ಯಾಸಿಯಂ-40 ಎಂಬ ಬಗೆಯದು. ಅದು ತನ್ನಷ್ಟಕ್ಕೆ ಕ್ಷಯಿಸುತ್ತದೆ. ಹೀಗೆ ಕ್ಷಯಿಸುವ ನೂರರಲ್ಲಿ ಸುಮಾರು ಹನ್ನೊಂದು ಆರ್ಗಾನ್ ಅನಿಲವಾಗುತ್ತವೆ, ಉಳಿದವು ಕ್ಯಾಲ್ಸಿಯಂ ಆಗುತ್ತವೆ. ಇದ್ದ ಪೊಟ್ಯಾಸಿಯಂ-40 ಅರ್ಧಕ್ಕೆ ಇಳಿಯಲು ಸುಮಾರು 125 ಕೋಟಿ ವರ್ಷ ಬೇಕು. ಇದೇ ಅದರ ಅರ್ಧಾಯುಷ್ಯ.

ಜ್ವಾಲಾಮುಖಿಯ ಒಳಗೆ ಶಿಲೆ ಕರಗಿ ಕುದಿಯುತ್ತಿರುವಾಗ ಅಲ್ಲಿದ್ದ ಆರ್ಗಾನ್ ಅನಿಲ ಹೊರಟುಹೋಗುತ್ತದೆ. ಜ್ವಾಲಾಮುಖಿ ಸಿಡಿದು, ಬೂದಿಯ ಹರಳುಗಳು ತಣ್ಣಗಾದ ಮೇಲೆ ಹುಟ್ಟುವ ಆರ್ಗಾನ್ ಹೊರಗೆ ಹೋಗಲಾರದೆ ಹರಳಿನೊಳಗೇ ಸಿಕ್ಕಿಕೊಳ್ಳುತ್ತದೆ. ಅಂದರೆ ಸಿಡಿದ ಕ್ಷಣದಲ್ಲಿ ಗಡಿಯಾರ ಸೊನ್ನೆಯಿಂದ ಹೊರಟಂತೆ. ಹರಳಿನಲ್ಲಿ ಪೊಟ್ಯಾಸಿಯಂ ಎಷ್ಟು, ಆರ್ಗಾನ್ ಎಷ್ಟು ಎಂದು ಅಳೆದರೆ ಸಿಡಿದು ಎಷ್ಟು ವರ್ಷವಾಯಿತೆಂಬ ಲೆಕ್ಕ ಸಿಗುತ್ತದೆ. ಇದಕ್ಕಿಂತ ಸೂಕ್ಷ್ಮವಾದ ವಿಧಾನದಲ್ಲಿ ಹರಳನ್ನು ಮೊದಲು ಪರಮಾಣು ರಿಯಾಕ್ಟರಿನಲ್ಲಿ ಇಟ್ಟು, ಅದರ ಪೊಟ್ಯಾಸಿಯಂನ ಒಂದು ಅಂಶವನ್ನು ಆರ್ಗಾನ್-39 ಆಗಿ ಮಾರ್ಪಡಿಸುತ್ತಾರೆ. ಆಮೇಲೆ ಲೇಸರ್ ಕಿರಣದಿಂದ ಹರಳನ್ನು ಕರಗಿಸಿ ಎರಡು ಬಗೆಯ ಆರ್ಗಾನನ್ನೂ ಒಟ್ಟಿಗೆ ಅಳೆಯುತ್ತಾರೆ. ಮರಳಿನ ಕಣದಷ್ಟು ಚಿಕ್ಕ ಹರಳು ಸಾಕು.

ಬೂದಿಯಲ್ಲಿ ಇನ್ನೊಂದು ಗಡಿಯಾರವೂ ಇದೆ. ಅದು ಜಿರ್ಕಾನ್ ಎಂಬ ಗಟ್ಟಿ ಹರಳು. ಅದು ರೂಪುಗೊಳ್ಳುವಾಗ ಯುರೇನಿಯಂಗೆ ಜಾಗ ಕೊಡುತ್ತದೆ, ಸೀಸಕ್ಕೆ ಕೊಡುವುದಿಲ್ಲ. ಯುರೇನಿಯಂ ಕ್ಷಯಿಸುತ್ತ ಹೋಗಿ ಕಡೆಗೆ ಸೀಸವಾಗುತ್ತದೆ. ಆದ್ದರಿಂದ ಜಿರ್ಕಾನ್‌ನಲ್ಲಿ ಇಂದು ಸಿಗುವ ಸೀಸವೆಲ್ಲ ಬಹುಮಟ್ಟಿಗೆ ಅಲ್ಲೇ ಹುಟ್ಟಿದ್ದು. ಯುರೇನಿಯಂ-238 ಮತ್ತು ಯುರೇನಿಯಂ-235 ಎರಡೂ ಬೇರೆ ಬೇರೆ ವೇಗದಲ್ಲಿ ಕ್ಷಯಿಸುವುದರಿಂದ ಒಂದೇ ಹರಳಿನಲ್ಲಿ ಎರಡು ಗಡಿಯಾರ ಇದ್ದಂತೆ. ಎರಡೂ ಒಂದೇ ಸಮಯ ತೋರಿಸಿದರೆ ನಂಬಿಕೆ ಹೆಚ್ಚುತ್ತದೆ.

ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪು ಶಿಲೆ ನಿಮಗೆ ಗೊತ್ತಿದೆಯಲ್ಲವೇ? ದಖ್ಖನ್ನಿನ ಆ ಲಾವಾ ಪ್ರವಾಹಗಳಿಗೆ ಸುಮಾರು 6.6 ಕೋಟಿ ವರ್ಷ ಎಂದು ನಿರ್ಧರಿಸಿದ್ದೂ ಈ ಎರಡು ಗಡಿಯಾರಗಳ ನೆರವಿನಿಂದಲೇ.

ಇಲ್ಲಿ ಎರಡು ಎಚ್ಚರಿಕೆಗಳು. ಮೊದಲನೆಯದು, ಇದಕ್ಕೆ ಕಾರ್ಬನ್ ವಿಧಾನ ಉಪಯೋಗಕ್ಕೆ ಬರುವುದಿಲ್ಲ. ಕಾರ್ಬನ್-14ರ ಅರ್ಧಾಯುಷ್ಯ ಸುಮಾರು 5,730 ವರ್ಷ ಮಾತ್ರ. ಸುಮಾರು ಐವತ್ತು ಸಾವಿರ ವರ್ಷಗಳಾಚೆಗೆ ಅಳೆಯುವಷ್ಟು ಉಳಿದಿರುವುದಿಲ್ಲ. ಎರಡನೆಯದು, ಇಲ್ಲಿ ಅಳೆಯುವುದು ಎಲುಬನ್ನಲ್ಲ. ಎಲುಬಿನ ಕೆಳಗಿನ ಬೂದಿಪದರಕ್ಕೆ 3 ಕೋಟಿ, ಮೇಲಿನದಕ್ಕೆ 2.9 ಕೋಟಿ ವರ್ಷ ಎಂದು ಬಂದರೆ, ಪ್ರಾಣಿ ಆ ಎರಡರ ನಡುವೆ ಬಾಳಿತ್ತು ಎಂದು ಹೇಳುತ್ತೇವೆ. ಹಲ್ಲು ಕ್ರಮವನ್ನು ಹೇಳುತ್ತದೆ, ಬೂದಿ ವರ್ಷವನ್ನು ಹೇಳುತ್ತದೆ.

ಸಿದ್ಧಾಂತ ಕುಸಿದ ಬಗೆ

ಪ್ಯಾಟಗೋನಿಯದ ಸ್ತನಿ ಪದರಗಳಿಗೆ 1970ರ ದಶಕದಿಂದ ಪೊಟ್ಯಾಸಿಯಂ-ಆರ್ಗಾನ್ ವಯಸ್ಸುಗಳು ದೊರೆಯತೊಡಗಿದವು. ಮುಂದೆ ಜಿರ್ಕಾನ್ ಲೆಕ್ಕವೂ ಬಂತು. ಈಗ ನಮಗೆ ತಿಳಿದಿರುವಂತೆ ಪೈರೊತೀರಿಯಮ್ ಸಿಗುವ ಡೆಸೆಯಾಡೊ ಕಾಲದ ಪದರಗಳ ವಯಸ್ಸು ಸುಮಾರು 2.9 ಕೋಟಿಯಿಂದ 2.4 ಕೋಟಿ ವರ್ಷ. ಡೈನೊಸಾರ್‌ಗಳು ಅಳಿದು ಆಗಲೇ ಮೂರೂವರೆ ಕೋಟಿಗೂ ಹೆಚ್ಚು ವರ್ಷಗಳಾಗಿದ್ದವು! ಅತ್ತ ಆಫ್ರಿಕದ ಮೊರಾಕೊದಲ್ಲಿ ಆನೆಗಳ ಕುಲದ ಒಂದು ಪುಟ್ಟ ಪ್ರಾಣಿಯ ಪಳೆಯುಳಿಕೆ ಸಿಕ್ಕಿದೆ. 2009ರಲ್ಲಿ ಅದನ್ನು ವರ್ಣಿಸಲಾಯಿತು. ಅದರ ವಯಸ್ಸು ಸುಮಾರು 6 ಕೋಟಿ ವರ್ಷ. ಮೊಮ್ಮಗ ಅಜ್ಜನಿಗಿಂತ ಮೂರು ಕೋಟಿ ವರ್ಷ ದೊಡ್ಡವನಾಗಲು ಸಾಧ್ಯವೇ? ಪೈರೊತೀರಿಯಮ್ ಆನೆಯ ಪೂರ್ವಜನಲ್ಲ. ಒಂದೇ ಬಗೆಯ ಜೀವನಕ್ರಮದಿಂದ ಎರಡು ಬೇರೆ ಕುಲಗಳು ಒಂದೇ ರೂಪ ತಾಳಿದ್ದಕ್ಕೆ ಅದೊಂದು ಉದಾಹರಣೆ.

ಹೊಮಂಕ್ಯುಲಸ್ ಸಿಕ್ಕಿದ ಸಾಂತಾ ಕ್ರೂಸ್ ಪದರಗಳ ವಯಸ್ಸು ಸುಮಾರು 1.8 ಕೋಟಿಯಿಂದ 1.6 ಕೋಟಿ ವರ್ಷ. ಅದು ದಕ್ಷಿಣ ಅಮೆರಿಕದ ಕೋತಿಗಳ ಬಂಧು, ನಮ್ಮ ಅಜ್ಜನಲ್ಲ. ಆ ಕೋತಿಗಳ ಪೂರ್ವಜರೂ ಆಫ್ರಿಕದಿಂದ, ತೇಲುವ ಮರಗಿಡಗಳ ರಾಶಿಯ ಮೇಲೆ ಸಮುದ್ರ ದಾಟಿ ಬಂದಿರಬೇಕೆಂದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ಮನುಷ್ಯ ಆ ಖಂಡಕ್ಕೆ ಕಾಲಿಟ್ಟದ್ದಂತೂ ಕೋಟಿಗಳಲ್ಲಿ ಅಲ್ಲ, ಸಾವಿರಗಳಲ್ಲಿ ಎಣಿಸುವಷ್ಟು ಈಚೆಗೆ.

ಚಿಲಿ ದೇಶದಲ್ಲಿ ಇದಕ್ಕೆ ಹೋಲುವ ಇನ್ನೊಂದು ಪ್ರಸಂಗ ನಡೆಯಿತು. ಆಂಡೀಸ್ ಪರ್ವತದ ಟಿಂಗಿರಿರಿಕ ನದಿಯ ಕಣಿವೆಯಲ್ಲಿ ಡೈನೊಸಾರ್ ಹೆಜ್ಜೆ ಗುರುತುಗಳಿವೆ. ಹತ್ತಿರದ ಜ್ವಾಲಾಮುಖಿ ಶಿಲೆಗಳೂ ಡೈನೊಸಾರ್ ಕಾಲದವೆಂದೇ ಎಣಿಸಿದ್ದರು. 1988ರಲ್ಲಿ ಅಲ್ಲಿ ಸ್ತನಿಗಳ ದವಡೆ, ಹಲ್ಲುಗಳು ಸಿಕ್ಕವು! ಆರ್ಗಾನ್ ಲೆಕ್ಕ ಅವುಗಳಿಗೆ ಸುಮಾರು 3.2 ಕೋಟಿ ವರ್ಷ ಎಂದು ಹೇಳಿತು. ಅದುವರೆಗೆ ಖಾಲಿಯಿದ್ದ ಒಂದು ಕಾಲಖಂಡಕ್ಕೆ ಆ ಕಣಿವೆಯ ಹೆಸರೇ ಬಂತು.

ಒಂದು ಗೋಡೆ, ಎರಡು ತಿದ್ದುಪಡಿ

ಇಷ್ಟಾದ ಮೇಲೆ ಎಲ್ಲವೂ ಬಗೆಹರಿಯಿತು ಎಂದುಕೊಳ್ಳಬೇಡಿ. ಪ್ಯಾಟಗೋನಿಯದ ಚುಬುಟ್ ಪ್ರಾಂತದಲ್ಲಿ, ಕೊಲ್ವೆ ವಾಪಿ ಸರೋವರದ ಕಡಿದಾದ ದಕ್ಷಿಣ ಅಂಚಿನಲ್ಲಿ ಗ್ರಾನ್ ಬರಾಂಕ ಎಂಬ ದೊಡ್ಡ ಶಿಲಾಗೋಡೆಯಿದೆ. ದೂರದ ಜ್ವಾಲಾಮುಖಿಗಳಿಂದ ಗಾಳಿ ಹೊತ್ತು ತಂದ ಬೂದಿ ಮತ್ತು ಧೂಳು ಪದರ ಪದರವಾಗಿ ಅಲ್ಲಿ ಕೂತಿದೆ. ಕಾರ್ಲೊಸ್ ಅಮೆಗೀನೊ ಅಲ್ಲಿ ದುಡಿದರು. 1930ರಲ್ಲಿ ಅಮೆರಿಕದ ಜಾರ್ಜ್ ಗೇಲಾರ್ಡ್ ಸಿಂಪ್ಸನ್ ಬಂದು ಅದನ್ನು ಮತ್ತೆ ಪರಿಶೀಲಿಸಿದರು. ಅದರ ಕೆಳಗಿನ ಪದರಗಳ ಸ್ತನಿಗಳ ಕಾಲಕ್ಕೆ ಕಸಮಯೋರ ಕಾಲ ಎಂದು ಹೆಸರು. ಅವುಗಳ ವಯಸ್ಸು ಸುಮಾರು 5.5 ಕೋಟಿ ವರ್ಷ ಎಂದು ಬಹುಕಾಲ ನಂಬಲಾಗಿತ್ತು.

1999ರಲ್ಲಿ ರಿಚರ್ಡ್ ಕೇ ಮತ್ತು ಸಂಗಡಿಗರು ಅಲ್ಲಿನ ಆರ್ಗಾನ್ ವಯಸ್ಸುಗಳನ್ನು ಇನ್ನೊಂದು ಸಾಕ್ಷಿಯೊಂದಿಗೆ ಸೇರಿಸಿ ನೋಡಿದರು. ಭೂಮಿಯ ಕಾಂತಕ್ಷೇತ್ರ ಆಗಾಗ ಉತ್ತರ ದಕ್ಷಿಣಗಳನ್ನು ಅದಲು ಬದಲು ಮಾಡಿಕೊಳ್ಳುತ್ತದೆ. ಕೊನೆಯ ಬಾರಿ ಹಾಗಾದದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ಪದರ ಕೂರುವಾಗ ಅದರ ಕಬ್ಬಿಣದ ಖನಿಜ ಕಣಗಳು ಅಂದಿನ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಹೀಗೆ ಗೋಡೆಯ ಮೇಲೆ ನೇರ, ತಿರುವು, ನೇರ, ತಿರುವು ಎಂಬ ಅದೃಶ್ಯ ಪಟ್ಟೆಗಳು ಮೂಡುತ್ತವೆ. ಆ ಪಟ್ಟೆಗಳನ್ನು ಜಗತ್ತಿನ ಪಟ್ಟೆಗಳ ಪಟ್ಟಿಯೊಂದಿಗೆ ಹೊಂದಿಸಿದಾಗ ಬಂದ ಉತ್ತರ ಸುಮಾರು 3.6 ಕೋಟಿ ವರ್ಷ. ಅಂದರೆ ಹಿಂದಿನ ನಂಬಿಕೆಗಿಂತ 1.8ರಿಂದ 2 ಕೋಟಿ ವರ್ಷ ಈಚೆಗೆ!

ಆದರೆ ಒಂದು ಪಟ್ಟೆ ಇನ್ನೊಂದರಂತೆಯೇ ಇರುತ್ತದೆ. ಯಾವ ಪಟ್ಟೆ ಯಾವುದಕ್ಕೆ ಹೊಂದುತ್ತದೆ ಎಂದು ಹೇಳಲು ನಡುನಡುವೆ ಖಚಿತ ವಯಸ್ಸಿನ ಗೂಟಗಳು ಬೇಕು. 2013ರಲ್ಲಿ ರೀಗನ್ ಡನ್ ಮತ್ತು ಸಂಗಡಿಗರು ಜಿರ್ಕಾನ್ ಹರಳುಗಳಿಂದ ಅಂಥ ಗೂಟಗಳನ್ನು ನೆಟ್ಟರು. ಅದೇ ಸ್ತನಿಸಮೂಹಕ್ಕೆ ಈಗ ಬಂದ ವಯಸ್ಸು 4.16 ಕೋಟಿಯಿಂದ 3.9 ಕೋಟಿ ವರ್ಷ. 1999ರ ಅಂಕಿ ಕೆಲವು ಹತ್ತು ಲಕ್ಷ ವರ್ಷ ಹಿಂದಕ್ಕೆ ಸರಿಯಿತು. ಆದರೂ 5.5 ಕೋಟಿಯ ಹಳೆಯ ಅಂಕಿಯ ಹತ್ತಿರಕ್ಕೆ ಅದು ಮರಳಲಿಲ್ಲ.

“ಹಾಗಾದರೆ ನಾಳೆ ಇದೂ ಬದಲಾಗುವುದಿಲ್ಲವೇ?” ಎಂದು ನೀವು ಕೇಳಬಹುದು. ಆಗಬಹುದು. ಆದರೆ ತಿದ್ದುಪಡಿಯ ಅಳತೆ ಗಮನಿಸಿ. ಮೊದಲ ತಪ್ಪು ಎರಡು ಕೋಟಿಯಷ್ಟು, ಮುಂದಿನದು ಅದರ ಒಂದು ಭಾಗದಷ್ಟು. ಗುರಿಯ ಸುತ್ತಲಿನ ವೃತ್ತ ಚಿಕ್ಕದಾಗುತ್ತ ಬರುತ್ತಿದೆ.

ಹಲ್ಲು ಏಕೆ ಎತ್ತರವಾಯಿತು?

ಕೆಲವು ಲಕ್ಷ ವರ್ಷ ಆಚೀಚೆಯಾದರೆ ನಷ್ಟವೇನು ಎಂಬ ಪ್ರಶ್ನೆಗೂ ಈ ಗೋಡೆಯಲ್ಲೇ ಉತ್ತರವಿದೆ. ಹಸು, ಕುದುರೆಗಳ ದವಡೆ ಹಲ್ಲು ನಮ್ಮದಕ್ಕಿಂತ ಬಹಳ ಎತ್ತರ. ಹುಲ್ಲಿನಲ್ಲಿ ಮರಳಿನಂಥ ಸಿಲಿಕ ಕಣಗಳಿರುವುದರಿಂದ ಹಲ್ಲು ಸವೆಯುತ್ತದೆ, ಸವೆದರೂ ಆಯುಷ್ಯವಿಡೀ ಬಾಳುವಂತೆ ಅದು ಎತ್ತರವಾಗಿದೆ ಎಂಬುದು ಸಾಮಾನ್ಯ ವಿವರಣೆ. ದಕ್ಷಿಣ ಅಮೆರಿಕದ ಸ್ತನಿಗಳಲ್ಲಿ ಇಂಥ ಎತ್ತರದ ಹಲ್ಲು 3 ಕೋಟಿ ವರ್ಷಗಳಿಗೂ ಹಿಂದೆಯೇ ಹೆಚ್ಚಾಗಿ ಕಾಣಿಸಿತು. ಉತ್ತರ ಅಮೆರಿಕದ ಕುದುರೆಗಳಲ್ಲಿ ಅದು ಕಂಡದ್ದು 2 ಕೋಟಿ ವರ್ಷಗಳ ಈಚೆಗೆ. ಹಾಗಾದರೆ ಜಗತ್ತಿನ ಮೊದಲ ಹುಲ್ಲುಗಾವಲುಗಳು ಪ್ಯಾಟಗೋನಿಯದಲ್ಲೇ ಇದ್ದಿರಬೇಕು ಎಂದು ಅನೇಕರು ತೀರ್ಮಾನಿಸಿದರು.

2013ರಲ್ಲಿ ಕ್ಯಾರೊಲೈನ್ ಸ್ಟ್ರಾಂಬರ್ಗ್ ಮತ್ತು ಸಂಗಡಿಗರು ಗ್ರಾನ್ ಬರಾಂಕದ ಪದರಗಳಿಂದ ಪುರಾತನ ಸಸ್ಯಗಳ ಸಿಲಿಕ ಕಣಗಳನ್ನೇ ಬೇರ್ಪಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸುಮಾರು 1.85 ಕೋಟಿ ವರ್ಷಗಳ ಹಿಂದಿನವರೆಗೂ ಅಲ್ಲಿ ವಿಶಾಲ ಹುಲ್ಲುಗಾವಲಿನ ಸುಳಿವಿಲ್ಲ. ತಾಳೆ ಜಾತಿಯ ಮರಗಳೂ ಇದ್ದ ಕಾಡುಗಳ ಗುರುತುಗಳೇ ಹೆಚ್ಚು. ಹಾಗಾದರೆ ಹಲ್ಲನ್ನು ಸವೆಸಿದ್ದು ಯಾವುದು? ಎಲೆಗಳ ಮೇಲೆ ಕೂರುತ್ತಿದ್ದ ಜ್ವಾಲಾಮುಖಿಯ ಬೂದಿ ಮತ್ತು ಧೂಳು ಇರಬೇಕೆಂಬುದು ಅವರು ಕೊಟ್ಟ ವಿವರಣೆ. ಹಲ್ಲನ್ನು ತೇಯ್ದ ಬೂದಿಯೇ ಇಂದು ಆ ಹಲ್ಲಿನ ಕಾಲವನ್ನೂ ಹೇಳುತ್ತಿದೆ ಎಂದಾಯಿತು!

ಇಲ್ಲಿ ಒಂದು ಬಲೆಯನ್ನು ಗುರುತಿಸಿ. ‘ಹಲ್ಲು ಹಳೆಯ ಮಾದರಿಯದು, ಆದ್ದರಿಂದ ಪದರ ಹಳೆಯದು’ ಎನ್ನುವುದು. ಆಮೇಲೆ, ‘ಪದರ ಹಳೆಯದು, ಆದ್ದರಿಂದ ಹಲ್ಲು ಹಳೆಯದು’ ಎನ್ನುವುದು. ಈ ಮಾತು ಗಾಣದ ಎತ್ತಿನಂತೆ ಸುತ್ತುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಅಮೆಗೀನೊ ಅವರಂಥ ದೊಡ್ಡವರೂ ಇಂಥ ಕಡೆ ಎಡವಿದರು. ಹಲ್ಲಿಗೆ ಸಂಬಂಧವೇ ಇಲ್ಲದ ಬೇರೊಂದು ಸಾಕ್ಷಿ ಬಂದಾಗ ಮಾತ್ರ ಆ ಸುತ್ತು ಮುರಿಯುತ್ತದೆ. ಬೂದಿ ಅಂಥ ಸಾಕ್ಷಿ. ಅದಕ್ಕೆ ಆನೆಯೂ ಗೊತ್ತಿಲ್ಲ, ಆರ್ಜೆಂಟೀನದ ಅಭಿಮಾನವೂ ಗೊತ್ತಿಲ್ಲ.

ಆದರೆ ಕಾರ್ಲೊಸ್ ಬಿರುಗಾಳಿಯಲ್ಲಿ ನಿಂತು ಯಾವ ಎಲುಬು ಯಾವ ಪದರದ್ದು ಎಂದು ಎಚ್ಚರದಿಂದ ಬರೆದಿಡದೆ ಹೋಗಿದ್ದರೆ, ನೂರು ವರ್ಷಗಳ ನಂತರ ಬಂದ ಬೂದಿಯ ವಯಸ್ಸು ಯಾವ ಪ್ರಾಣಿಗೂ ಹೊಂದುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು. ತೀರ್ಮಾನ ತಪ್ಪಾದರೂ ಪ್ರಾಮಾಣಿಕವಾದ ದಾಖಲೆ ವ್ಯರ್ಥವಾಗುವುದಿಲ್ಲ. ನಿಮ್ಮ ಪ್ರಯೋಗದ ಪುಸ್ತಕದಲ್ಲಿ ಉತ್ತರ ತಾಳೆಯಾಗದಿದ್ದಾಗ ಅಂಕಿಗಳನ್ನು ಅಳಿಸಲು ಕೈ ಹೋದರೆ ಇದನ್ನು ನೆನಪಿಸಿಕೊಳ್ಳಿ.

ನೀವೇ ಮಾಡಿ, ಯೋಚಿಸಿ

1. ನೂರು ಹುಣಸೆ ಬೀಜಗಳಿಂದ ಮೇಲೆ ಹೇಳಿದ ಪ್ರಯೋಗ ಮಾಡಿ. ಪ್ರತಿ ಸಲ ಉಳಿದ ಬೀಜಗಳ ಸಂಖ್ಯೆಯನ್ನು ನಕ್ಷೆಯ ಹಾಳೆಯಲ್ಲಿ ಗುರುತಿಸಿ. ಗೆರೆ ನೇರವಾಗಿ ಬರುತ್ತದೆಯೇ, ಬಾಗಿ ಬರುತ್ತದೆಯೇ? ಏಕೆ?

2. ಹಳೆಯ ಬೂದಿಯನ್ನು ಹೊಳೆಯೊಂದು ಕೊಚ್ಚಿ ತಂದು ಹೊಸ ಪದರದೊಳಗೆ ಸೇರಿಸಿದೆ ಎಂದುಕೊಳ್ಳಿ. ಅಲ್ಲಿ ಸಿಕ್ಕಿದ ಪ್ರಾಣಿಯ ವಯಸ್ಸಿನ ಲೆಕ್ಕ ಯಾವ ಕಡೆಗೆ ತಪ್ಪುತ್ತದೆ? ಒಂದೊಂದೇ ಹರಳನ್ನು ಬೇರೆ ಬೇರೆಯಾಗಿ ಅಳೆಯುವುದರಿಂದ ಇದಕ್ಕೆ ಏನು ಪ್ರಯೋಜನ?

3. ಮುಂದಿನ ಬಾರಿ ಪರದೆಯ ಮೇಲೆ ‘ಇಷ್ಟು ಕೋಟಿ ವರ್ಷ’ ಎಂಬ ಮಾತು ಬಂದಾಗ ನಿಮ್ಮ ಅಧ್ಯಾಪಕರನ್ನು ಒಂದು ಪ್ರಶ್ನೆ ಕೇಳಿ: ಇದನ್ನು ಹೇಳಿದ್ದು ಹಲ್ಲೋ, ಬೂದಿಯೋ?